ಬರಿಗಾಲ ಪಾದ್ರಿ ಜೋಸೆಫ್ ವಾಜ್: ದೀಕ್ಷೆ ವಿಜಾಪುರದ ಬಿಷಪ್ಪರಿಂದ, ಹಬ್ಬ ಮುಡಿಪು ಗುಡ್ಡದಲ್ಲಿ

ಜನವರಿ ತಿಂಗಳ ನಡುಭಾಗ ಬಂತೆಂದರೆ ಮಂಗಳೂರಿನಿಂದ ಕೇರಳ ಗಡಿಯ ಕಡೆಗಿರುವ ಮುಡಿಪು ಗುಡ್ಡಕ್ಕೆ ಮಂದಿ ಹೊರಡುತ್ತಾರೆ. ಅಲ್ಲಿ ಸಂತ ಜೋಸೆಫ್ ವಾಜ್ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಜನವರಿ 16 ಆ ಸಂತರ ಹಬ್ಬದ ದಿನ. ಮೇಣಬತ್ತಿ ಹಚ್ಚುವವರು, ಹರಕೆ ಒಪ್ಪಿಸುವವರು, ಮಗು ಎತ್ತಿಕೊಂಡು ಬಂದ ತಾಯಂದಿರು, ಬಂದವರೆಲ್ಲ ಕ್ರೈಸ್ತರೇ ಎಂದೇನೂ ಇಲ್ಲ.

ಕರಾವಳಿಯ ಈ ಹಬ್ಬದ ಸುದ್ದಿ ವಿಜಯಪುರದ ಮಂದಿಗೆ ಯಾಕೆ ಬೇಕು ಅಂತ ಯಾರಾದರೂ ಕೇಳಬಹುದು. ಕೇಳಲಿ. ಮೂರು ಕಾರಣಗಳಿವೆ. ಈ ಸಂತ ಹುಟ್ಟಿದ ನೆಲ ಒಂದು ಕಾಲಕ್ಕೆ ವಿಜಾಪುರದ ಆದಿಲಶಾಹಿ ಸುಲ್ತಾನರದು. ಅವರಿಗೆ ಪಾದ್ರಿಯಾಗುವ ಮುಂಚಿನ ದೀಕ್ಷೆ ಕೊಟ್ಟವರು ವಿಜಾಪುರದ ಹೆಸರು ಹೊತ್ತ ಬಿಷಪ್ಪರು. ಇನ್ನು ಕನ್ನಡ ನಾಡಿಗೆ ಬಂದಾಗ ಅವರ ಎದುರಿಗೆ ನಿಂತವರು ವಿಜಾಪುರದ ಮೊದಲ ಬಿಷಪ್ಪರ ಸೋದರ ಸಂಬಂಧದವರು. ಇಷ್ಟು ಸಂಬಂಧವಿದ್ದ ಮನುಷ್ಯನ ಹೆಸರು ಗೋಳಗುಮ್ಮಟದ ಊರಿನಲ್ಲಿ ಬಹಳ ಮಂದಿಗೆ ಗೊತ್ತಿಲ್ಲ ಎಂಬುದೇ ಸೋಜಿಗ.

ಪಾಲಕ ಸಂತ ಅಂದರೆ ಯಾರು?

ಕಥೆಗೆ ಮುಂಚೆ ಒಂದು ಮಾತು. ಕ್ಯಾಥೋಲಿಕ್ ಕ್ರೈಸ್ತರ ಪ್ರತಿ ಚರ್ಚಿಗೂ ಒಬ್ಬ ಸಂತರ ಹೆಸರು, ಇಲ್ಲವೇ ಯೇಸು ಮೇರಿಯರ ಒಂದು ಹೆಸರು ಇರುತ್ತದೆ. ಆ ಸಂತರು ಆ ಚರ್ಚಿನ, ಆ ಊರ ಭಕ್ತರ ಪಾಲಕರು. ನಮ್ಮ ಊರೂರಿಗೆ ಒಬ್ಬೊಬ್ಬ ದೇವರು, ಒಬ್ಬೊಬ್ಬ ಶರಣ, ಒಬ್ಬೊಬ್ಬ ವಲಿ ಇದ್ದಂತೆ. ಅರಕೇರಿ ಅಂದರೆ ಅಮೋಘಸಿದ್ಧ ಎಂದು ಸುತ್ತ ಹತ್ತೂರಿನ ಮಂದಿ ಹೇಳುವುದಿಲ್ಲವೇ, ಹಾಗೆ.

ಹಬ್ಬಕ್ಕೆ ಒಂಬತ್ತು ದಿನ ಮೊದಲೇ ಪ್ರಾರ್ಥನೆ ಸುರುವಾಗುತ್ತದೆ. ಅದಕ್ಕೆ ನೊವೆನಾ ಎನ್ನುತ್ತಾರೆ. ಕಡೆಯ ದಿನ ದೊಡ್ಡ ಪೂಜೆ, ಮೆರವಣಿಗೆ. ಸಂತರ ಹಬ್ಬ ಬರುವುದು ಸಾಮಾನ್ಯವಾಗಿ ಅವರು ಹುಟ್ಟಿದ ದಿನವಲ್ಲ, ಕಣ್ಣು ಮುಚ್ಚಿದ ದಿನ. ದೇಹ ಬಿಟ್ಟ ದಿನವೇ ದೇವರ ಮನೆಯಲ್ಲಿ ಹುಟ್ಟಿದ ದಿನ ಎಂಬುದು ಅವರ ನಂಬಿಕೆ. ದರ್ಗಾಗಳ ಉರುಸು ನೋಡಿ ಬೆಳೆದ ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಡಿಪುವಿನ ಪಾಲಕರಾದ ಜೋಸೆಫ್ ವಾಜ್ ಕಣ್ಣು ಮುಚ್ಚಿದ್ದು 1711ರ ಜನವರಿ 16ರಂದು, ಸಿಂಹಳದ ಕ್ಯಾಂಡಿ ಪಟ್ಟಣದಲ್ಲಿ. ಅಲ್ಲಿಗೆ ಅವರು ಹೋದದ್ದು ಹೇಗೆ, ನಡುವೆ ಕನ್ನಡ ನಾಡಿನಲ್ಲಿ ಮಾಡಿದ್ದೇನು ಎಂಬುದೇ ಈ ಕಥೆ.

ಕೈಬಿಟ್ಟ ಸಾಷ್ಟಿ

ಗೋವೆ ಮೊದಲು ವಿಜಾಪುರದ ಸುಲ್ತಾನರ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಕಸಿದುಕೊಂಡ. ಗೋವೆಯ ಮಗ್ಗುಲಿನ ಬಾರ್ದೇಸ್ ಮತ್ತು ಸಾಷ್ಟಿ ಸೀಮೆಗಳು ಇನ್ನೂ ಮೂವತ್ತು ವರ್ಷ ಆದಿಲಶಾಹಿಯಲ್ಲೇ ಇದ್ದವು. ಒಂದನೇ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1543ರಲ್ಲಿ, ಅವೂ ಪೋರ್ಚುಗೀಸರ ಪಾಲಾದವು. ವಿಜಾಪುರದ ದಫ್ತರದಿಂದ ಹೆಸರು ಕೊಯ್ದು ಹೋದ ಹಳ್ಳಿಗಳಲ್ಲಿ ಬಾಣಾವಳಿ ಮತ್ತು ಸಾಂಕವಾಳ ಎಂಬ ಎರಡು ಊರುಗಳಿದ್ದವು. ಈಗ ನಕಾಶೆಯಲ್ಲಿ ಅವು ಬೆನೌಲಿಮ್, ಸಾಂಕೋಲೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ತಾಯಿಯ ಊರಾದ ಬಾಣಾವಳಿಯಲ್ಲಿ. ತಂದೆ ಕ್ರಿಸ್ತೋವಾಂವ್ ವಾಜ್ ಸಾಂಕವಾಳದವರು. ತಾಯಿ ಮರಿಯಾ ದ ಮಿರಾಂದ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಹೆಸರು ಪೋರ್ಚುಗೀಸರದ್ದಾದರೂ ಮನೆತನ ಅಪ್ಪಟ ಕೊಂಕಣಿ. ಹಿಂದಿನ ತಲೆಮಾರಿನಲ್ಲಿ ಕ್ರೈಸ್ತರಾದ ಸಾರಸ್ವತ ಬ್ರಾಹ್ಮಣರ ಕುಳ.

ಹುಡುಗ ಓದಿನಲ್ಲಿ ಚುರುಕು. ಊರಿನಲ್ಲಿ ಪೋರ್ಚುಗೀಸು, ಲ್ಯಾಟಿನು ಕಲಿತ ಮೇಲೆ ತಂದೆ ಗೋವೆ ಪಟ್ಟಣಕ್ಕೆ ಕಳಿಸಿದರು. ಮೊದಲು ಜೆಸ್ವಿತರ ಸೇಂಟ್ ಪಾಲ್ ಕಾಲೇಜು, ಆಮೇಲೆ ಡೊಮಿನಿಕನ್ನರ ಸೇಂಟ್ ಥಾಮಸ್ ಅಕ್ವಿನಾಸ್ ಕಾಲೇಜು. ತರ್ಕ, ತತ್ತ್ವಶಾಸ್ತ್ರ, ದೇವಶಾಸ್ತ್ರ ಎಲ್ಲವೂ ಆಯಿತು.

ಊರವನಿಗೆ ಊರ ಮಠದಲ್ಲಿ ಜಾಗವಿಲ್ಲ

ಓದೇನೋ ಮುಗಿಯಿತು. ಮುಂದೆ ದಾರಿ ಎಲ್ಲಿ? ಆಗಿನ ಗೋವೆಯಲ್ಲಿ ಜೆಸ್ವಿತ್, ಫ್ರಾನ್ಸಿಸ್ಕನ್, ಡೊಮಿನಿಕನ್ ಮೊದಲಾದ ಸಭೆಗಳೆಲ್ಲ ಯುರೋಪಿನವರ ಹಿಡಿತದಲ್ಲಿದ್ದವು. ಊರಿನ ಹುಡುಗರಿಗೆ ಅವರು ಪಾಠ ಹೇಳಿಕೊಡುತ್ತಿದ್ದರು, ತಮ್ಮ ಸಭೆಗೆ ಮಾತ್ರ ಸೇರಿಸಿಕೊಳ್ಳುತ್ತಿರಲಿಲ್ಲ. ಬಿಳಿ ಚರ್ಮದವರಿಗೆ ಮಠ, ಕಂದು ಚರ್ಮದವರಿಗೆ ಅವರ ಕೈಕೆಳಗಿನ ಸಾದಾ ಪಾದ್ರಿಯ ಕೆಲಸ. ಯೇಸುವಿನ ಮುಂದೆ ಎಲ್ಲರೂ ಒಂದೇ ಅಂತ ಸಾರುತ್ತಿದ್ದ ಕಾಲದಲ್ಲೇ ಈ ಕಟ್ಟುಪಾಡು.

ಇದರ ವಿರುದ್ಧ ಮೊದಲು ಸಿಡಿದವರು ಮತೆವುಸ್ ದ ಕಾಸ್ತ್ರು. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮನೆತನದವರು. ಗೋವೆಯ ಆರ್ಚ್‌ಬಿಷಪ್ಪರು ಇವರಿಗೆ ಪಾದ್ರಿ ದೀಕ್ಷೆ ಕೊಡಲಿಲ್ಲ. ಮನುಷ್ಯ ಸುಮ್ಮನೆ ಕೂಡಲಿಲ್ಲ, ನೇರ ರೋಮಿಗೇ ಹೋದರು. ಅಲ್ಲಿ ಓದಿ ಪಾದ್ರಿಯಾದರು. 1637ರಲ್ಲಿ ಬಿಷಪ್ಪರೂ ಆದರು. ಪೋಪರು ಅವರಿಗೆ ವಹಿಸಿಕೊಟ್ಟ ಸೀಮೆ ಯಾವುದು ಗೊತ್ತೇ? ಪೋರ್ಚುಗೀಸರು ಇದಲ್ಕಾನ್ ಎಂದು ಕರೆಯುತ್ತಿದ್ದ ಆದಿಲಖಾನನ ರಾಜ್ಯ, ಅಂದರೆ ನಮ್ಮ ವಿಜಾಪುರ! ಗೋವೆಯಲ್ಲಿ ಕಾಲಿಡಲು ಬಿಡದವರ ಕಣ್ಣೆದುರಿಗೇ, ಗಡಿಯಾಚೆ ಆದಿಲಶಾಹಿ ನೆಲದ ಡಿಚೋಲಿಯಲ್ಲಿ ಅವರು ಠಾಣ್ಯ ಹೂಡಿದರು. ಪೋರ್ಚುಗೀಸರ ಮೇಲೆ ಅವರಿಗಿದ್ದ ಸಿಟ್ಟು ಸಣ್ಣದಲ್ಲ. ಜಗಳದಲ್ಲೇ ಬಾಳು ಸವೆಸಿ 1677ರಲ್ಲಿ ರೋಮಿನಲ್ಲಿ ತೀರಿಕೊಂಡರು. ಆದರೂ ಭಾರತದವನೊಬ್ಬ ಲ್ಯಾಟಿನ್ ಪದ್ಧತಿಯ ಬಿಷಪ್ಪನಾಗಬಹುದು ಎಂದು ಮೊದಲು ತೋರಿಸಿದ ಕೀರ್ತಿ ಅವರದೇ.

ಅವರ ತರುವಾಯ ವಿಜಾಪುರದ ಬಿಷಪ್ಪರಾಗಿ ಬಂದವರು ಕುಸ್ತೋದಿಯೊ ದ ಪಿನ್ಹೊ. ಇವರೂ ಗೋವೆಯವರೇ. ವಿಜಾಪುರದ ಜೊತೆಗೆ ಗೋಲ್ಕೊಂಡವೂ ಇವರ ಕೈಕೆಳಗೆ. 1675ರಲ್ಲಿ ತರುಣ ಜೋಸೆಫ್ ವಾಜ್ ಪಾದ್ರಿಯಾಗುವ ಮುಂಚಿನ ದೀಕ್ಷೆ ಪಡೆದದ್ದು ಇವರ ಕೈಯಿಂದಲೇ. ಮರುವರ್ಷ, 1676ರಲ್ಲಿ, ಗೋವೆಯ ಆರ್ಚ್‌ಬಿಷಪ್ ಅಂತೋನಿಯೊ ಬ್ರಾಂದಾಂವ್ ಅವರಿಂದ ಪಾದ್ರಿ ದೀಕ್ಷೆ. ಆಗ ವಾಜ್ ಅವರಿಗೆ ಇಪ್ಪತ್ತೈದು ವರ್ಷ.

ಪಾದ್ರಿಯಾದ ಕೂಡಲೇ ವಾಜ್ ಮಾಡಿದ ಮೊದಲ ಕೆಲಸ ಕಾಲಿನ ಜೋಡು ಬಿಟ್ಟದ್ದು. ಬಡವರು ಬರಿಗಾಲಲ್ಲಿ ನಡೆಯುವಾಗ ತಮಗೇಕೆ ಜೋಡು ಎಂಬುದು ಅವರ ಲೆಕ್ಕ. ಸಾಂಕವಾಳದಲ್ಲಿ ಒಂದು ಲ್ಯಾಟಿನ್ ಶಾಲೆ ತೆರೆದು ಊರ ಹುಡುಗರಿಗೆ ಕಲಿಸತೊಡಗಿದರು. 1677ರಲ್ಲಿ ತಾವು ಮೇರಿ ಮಾತೆಯ ದಾಸನೆಂದು ಒಂದು ಪತ್ರ ಬರೆದು ಸಹಿ ಹಾಕಿದರು. ಜಮೀನು ಮಾರುವವರು ಖರೀದಿ ಪತ್ರ ಬರೆದುಕೊಡುವಂತೆ ಈ ಮನುಷ್ಯ ತನ್ನನ್ನೇ ಬರೆದುಕೊಟ್ಟ.

ಎರಡು ಗಾದಿ, ನಡುವೆ ಬಡಪಾಯಿ ಭಕ್ತರು

ಇನ್ನು ಕನ್ನಡ ನಾಡಿನ ಸಂಗತಿ. ಹೊನ್ನಾವರ, ಬಸರೂರು, ಮಂಗಳೂರು ಈ ಮೂರು ಬಂದರುಗಳಲ್ಲಿ ಪೋರ್ಚುಗೀಸರ ಕೋಟೆಗಳಿದ್ದವು. ಕೋಟೆಯ ನೆರಳಿನಲ್ಲಿ ಚರ್ಚುಗಳೂ ಬೆಳೆದಿದ್ದವು. ಗೋವೆಯಿಂದ ಬಂದ ಕೊಂಕಣಿ ಕ್ರೈಸ್ತರು ಕೆಳದಿ ನಾಯಕರ ಸೀಮೆಯಲ್ಲಿ ಬೇಸಾಯ ಹಿಡಿದು ನೆಲೆಸಿದ್ದರು. 1652ರಿಂದ 1654ರೊಳಗೆ ಕೆಳದಿಯ ಶಿವಪ್ಪನಾಯಕ ಆ ಕೋಟೆಗಳನ್ನೆಲ್ಲ ಕಸಿದುಕೊಂಡ. ಪೋರ್ಚುಗೀಸರ ಪ್ರಭಾವ ತಗ್ಗಿತು. ಪಾದ್ರಿಗಳು ಕಡಿಮೆಯಾದರು. ಭಕ್ತರು ಉಳಿದರು.

ಹುಟ್ಟಿದ ಮಗುವಿಗೆ ಜ್ಞಾನಸ್ನಾನ ಮಾಡಿಸುವವರಿಲ್ಲ, ಮದುವೆ ಮಾಡಿಸುವವರಿಲ್ಲ, ಸಾಯುವವನ ಬಾಯಿಗೆ ಪ್ರಸಾದ ಹಾಕುವವರಿಲ್ಲ. ಇಷ್ಟು ಸಾಲದು ಅಂತ ಇನ್ನೊಂದು ಕುತ್ತು ಬಂತು. ಪೂರ್ವ ದೇಶಗಳ ಚರ್ಚುಗಳ ಮೇಲೆ ಅಧಿಕಾರ ತನ್ನದೆಂದು ಪೋರ್ಚುಗಲ್ಲಿನ ದೊರೆ ಹೇಳುತ್ತಿದ್ದ. ಹಿಂದೆ ಪೋಪರೇ ಕೊಟ್ಟ ಹಕ್ಕು ಅದು. ಅದಕ್ಕೆ ಪದ್ರವಾದೊ ಎಂದು ಹೆಸರು. ಆದರೆ ಪೋರ್ಚುಗೀಸರ ಕೈ ಸೋತ ಕಡೆಯೆಲ್ಲ ಚರ್ಚುಗಳು ಹಾಳುಬೀಳುವುದನ್ನು ಕಂಡ ರೋಮ್, 1622ರಲ್ಲಿ ಪ್ರೊಪಗಾಂಡ ಎಂಬ ತನ್ನದೇ ಇಲಾಖೆ ತೆರೆದು ನೇರವಾಗಿ ಬಿಷಪ್ಪರನ್ನು ಕಳಿಸತೊಡಗಿತು. ವಿಜಾಪುರಕ್ಕೆ ಮತೆವುಸ್ ದ ಕಾಸ್ತ್ರು ಬಂದದ್ದು ಹೀಗೆಯೇ. ಕೆನರಾ ಸೀಮೆಗೆ ಬಂದವರು ಅವರ ಸೋದರ ಸಂಬಂಧದ ತೊಮಾಸ್ ದ ಕಾಸ್ತ್ರು.

ತೊಮಾಸ್ ಬಿಷಪ್ಪರು ಸಾಮಾನ್ಯರಲ್ಲ. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಭೂಮಿ ಪಡೆದು 1680ರಲ್ಲಿ ಮಂಗಳೂರಿನಲ್ಲಿ ಮಿಲಾಗ್ರಿಸ್ ಚರ್ಚು ಕಟ್ಟಿಸಿದರು. ಈಕೆ ಕಿತ್ತೂರಿನ ಚೆನ್ನಮ್ಮನಲ್ಲ. ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ ಕೆಳದಿಯ ಚೆನ್ನಮ್ಮ.

ಗೋವೆಯ ಗಾದಿಗೆ ತೊಮಾಸ್ ಬಿಷಪ್ಪರೆಂದರೆ ಆಗದು. ತೊಮಾಸ್ ಬಿಷಪ್ಪರಿಗೆ ಗೋವೆ ಕಳಿಸಿದ ಪಾದ್ರಿಗಳೆಂದರೆ ಆಗದು. ಇವರು ಮಾಡಿಸಿದ ಮದುವೆ ನಡೆಯದು ಅಂತ ಅವರು, ಅವರು ಕೊಟ್ಟ ಸಂಸ್ಕಾರ ಸಲ್ಲದು ಅಂತ ಇವರು. ಎರಡೂ ಕಡೆಯಿಂದ ಬಹಿಷ್ಕಾರದ ಮಾತು. ಎರಡು ಎತ್ತು ಗುದ್ದಾಡಿದರೆ ನಡುವೆ ಗಿಡ ಮುರಿದಂತೆ, ಭಕ್ತರ ಪಾಡು. ತಾವು ಗಂಡ ಹೆಂಡತಿ ಹೌದೋ ಅಲ್ಲವೋ ಎಂಬ ಅನುಮಾನದಲ್ಲಿ ಬಾಳುವೆ ಮಾಡುವ ಗತಿ!

ಕಾಗದ ನೋಡಿದರು, ಕೆಲಸಕ್ಕಿಳಿದರು

ವಾಜ್ ಅವರಿಗೆ ಸಿಂಹಳಕ್ಕೆ ಹೋಗುವ ಹಂಬಲವಿತ್ತು. ಗೋವೆಯ ದೊಡ್ಡವರು ಅದನ್ನು ಬದಿಗಿಟ್ಟು 1681ರಲ್ಲಿ ಅವರನ್ನು ಕೆನರಾ ಸೀಮೆಗೆ ಮುಖ್ಯ ಪಾದ್ರಿಯಾಗಿ ಕಳಿಸಿದರು. ಕಳಿಸಿದ ಉದ್ದೇಶ ಸ್ಪಷ್ಟ. ತೊಮಾಸ್ ಬಿಷಪ್ಪರ ಎದುರು ಗೋವೆಯ ಹಕ್ಕು ಎತ್ತಿ ಹಿಡಿಯಬೇಕು. ಬೇರೆ ಯಾರಾದರೂ ಆಗಿದ್ದರೆ ಮಂಗಳೂರಿಗೆ ಇಳಿದ ದಿನವೇ ಗುಂಪು ಕಟ್ಟುತ್ತಿದ್ದರು. ಇಂಥ ಕೆಲಸ ಚೆನ್ನಾಗಿ ಮಾಡಿದವರಿಗೆ ಬಡ್ತಿಯೂ ಸಿಗುತ್ತದೆ.

ವಾಜ್ ಹಾಗೆ ಮಾಡಲಿಲ್ಲ. ನೇರ ಬಿಷಪ್ಪರ ಮನೆಗೆ ಹೋಗಿ ಕಂಡರು. ರೋಮಿನಿಂದ ಬಂದ ನೇಮಕದ ಕಾಗದ ತೋರಿಸಬೇಕೆಂದು ವಿನಯದಿಂದ ಕೇಳಿಕೊಂಡರು. ಬಿಷಪ್ಪರು ತೋರಿಸಿದರು. ಕಾಗದ ಖರೆ ಇದೆ ಎಂದು ಮನದಟ್ಟಾದ ಮೇಲೆ ವಾಜ್ ಹಟ ಹಿಡಿಯಲಿಲ್ಲ. ಗೋವೆಯ ಹಕ್ಕನ್ನೂ ತಾವಾಗಿ ಬಿಟ್ಟುಕೊಡಲಿಲ್ಲ. ರೋಮಿನಿಂದ ಕಡೆಯ ತೀರ್ಪು ಬರುವ ತನಕ ಸಂಸ್ಕಾರ ಕೊಡುವ ಅಧಿಕಾರ ತಮಗೂ ಇರುವಂತೆ ಬಿಷಪ್ಪರೊಂದಿಗೆ ಒಡಂಬಡಿಕೆ ಮಾಡಿಕೊಂಡರು. ಗಾದಿ ಯಾರದೆಂಬುದು ರೋಮ್ ನೋಡಿಕೊಳ್ಳಲಿ, ಮಂದಿಯ ಮದುವೆ ಮುಂಜಿ ನಿಲ್ಲಬಾರದು. ಇಷ್ಟೇ ಅವರ ಧೋರಣೆ.

ದೊಡ್ಡವರ ಜಗಳ ಅದರಿಂದ ಪೂರ್ತಿ ಮುಗಿಯಲಿಲ್ಲ. ಪದ್ರವಾದೊ, ಪ್ರೊಪಗಾಂಡಗಳ ತಿಕ್ಕಾಟ ಮುಂದೆ 19ನೇ ಶತಮಾನದ ತನಕವೂ ಎಳೆಯಿತು. ಆದರೆ ವಾಜ್ ಇದ್ದ ಮೂರು ವರ್ಷ ಊರೂರಿನ ಭಕ್ತರಿಗೆ ಒಬ್ಬ ಪಾದ್ರಿ ಸಿಕ್ಕಿದ್ದರು.

ಮಂಗಳೂರು, ಕಲ್ಯಾಣಪುರ, ಬಾರ್ಕೂರು, ಬಸರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರ ಹೀಗೆ ಕರಾವಳಿಯ ಉದ್ದಕ್ಕೂ ವಾಜ್ ನಡೆದರು. ನಡೆದರು ಅಂದರೆ ಬರಿಗಾಲಲ್ಲೇ ನಡೆದರು. ಈಗ ಬಸ್ಸಿನಲ್ಲಿ ಮಂಗಳೂರಿನಿಂದ ಹೊನ್ನಾವರಕ್ಕೆ ಹೋಗುವವರಿಗೆ ದಾರಿಯಲ್ಲಿ ಬರುವ ಹೊಳೆಗಳ ಲೆಕ್ಕ ಗೊತ್ತು. ಆಗ ಸೇತುವೆಯಿಲ್ಲ, ದೋಣಿಯೇ ಗತಿ. ಬಿದ್ದ ಚರ್ಚುಗಳನ್ನು ಎಬ್ಬಿಸಿದರು, ಇಲ್ಲದ ಕಡೆ ಹೊಸದು ಕಟ್ಟಿಸಿದರು. ಹುಡುಗರಿಗೆ ಸಣ್ಣ ಸಣ್ಣ ಶಾಲೆ ತೆರೆದರು. ಪಾದ್ರಿ ಊರಲ್ಲಿ ಇಲ್ಲದಾಗಲೂ ಪ್ರಾರ್ಥನೆ ನಡೆಯಲಿ ಎಂದು ಭಕ್ತರದೇ ಸಂಘಗಳನ್ನು ಕಟ್ಟಿದರು. ಗುಲಾಮರಾಗಿ ಬಿಕರಿಯಾಗಿದ್ದವರನ್ನು ಹಣ ಕೊಟ್ಟು ಬಿಡಿಸಿದರು.

ಈ ಭಕ್ತರ ಸಂಘದ ಉಪಾಯ ಸಣ್ಣದೆನಿಸಬಹುದು, ಆದರೆ ಮುಂದೆ ಸಿಂಹಳದಲ್ಲಿ ಅವರ ಕೈಹಿಡಿದದ್ದು ಇದೇ. ಕಟ್ಟಡ ನೆಚ್ಚಿಕೊಂಡು ಕೂತರೆ ಕಟ್ಟಡ ಬಿದ್ದ ದಿನ ಧರ್ಮವೂ ಬಿದ್ದಂತೆ. ಒಂದು ಶತಮಾನ ಕಳೆದು 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಚರ್ಚುಗಳು ನೆಲಸಮವಾದವು. ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಬದುಕಿ ಉಳಿದವರು 1799ರ ನಂತರ ಮರಳಿ ಬಂದು ಚರ್ಚುಗಳನ್ನು ಮತ್ತೆ ಕಟ್ಟಿದರು. ಅವರ ಬಾಯಲ್ಲಿ ಬರಿಗಾಲ ಪಾದ್ರಿಯ ನೆನಪೂ ಮರಳಿ ಬಂತು.

ಮುಡಿಪುವಿನ ಒರತೆ

ಮುಡಿಪು ಗುಡ್ಡದ ಐತಿಹ್ಯ ಹುಟ್ಟಿದ್ದು ಈ ಮೂರು ವರ್ಷಗಳ ಓಡಾಟದಿಂದ. ಅಲ್ಲಿನ ಮಂದಿ ಹೇಳುವುದು ಹೀಗೆ. ವಾಜ್ ಅವರ ಏಳಿಗೆ ಕಂಡು ಕರುಬಿದ ಕೆಲವರು ಒಂದು ರಾತ್ರಿ, ಕಾಯಿಲೆಯವನಿಗೆ ಕಡೆಯ ಸಂಸ್ಕಾರ ಕೊಡಬೇಕೆಂದು ಸುಳ್ಳು ಹೇಳಿ ಅವರನ್ನು ಕರೆಸಿಕೊಂಡರು. ಗುಡ್ಡದ ನಿರ್ಜನ ಜಾಗದಲ್ಲಿ ಕೊಂದು ಹಾಕುವ ಹೂಟ. ಪಾದ್ರಿ ಹೆದರಲಿಲ್ಲ, ಮೊಣಕಾಲೂರಿ ಪ್ರಾರ್ಥನೆಗೆ ಕೂತರು. ಕೈಯ ಕೋಲು ಬಂಡೆಗೆ ತಾಕಿದ್ದೇ ತಡ, ಬೆಳಕು ಮೂಡಿತು, ಕಲ್ಲಿನಿಂದ ನೀರಿನ ಒರತೆ ಚಿಮ್ಮಿತು. ಕೊಲ್ಲಬಂದವರು ದಿಕ್ಕಾಪಾಲಾದರು.

ಇದು ಐತಿಹ್ಯ, ದಫ್ತರದ ಸಂಗತಿಯಲ್ಲ. ಆದರೆ ಐತಿಹ್ಯಕ್ಕೂ ಒಂದು ತಿರುಳಿರುತ್ತದೆ. ಕಾಯಿಲೆಯವನಿದ್ದಾನೆ ಅಂದರೆ ಎಂಥ ಸರಿಹೊತ್ತಿನಲ್ಲೂ ಈ ಪಾದ್ರಿ ಎದ್ದು ಬರುತ್ತಾರೆ ಎಂಬುದು ವೈರಿಗಳಿಗೂ ಗೊತ್ತಿತ್ತು. ಅವರನ್ನು ಹಿಡಿಯಲು ಹೂಡಿದ ಬಲೆಯೇ ಅದು. ಮಂದಿ ಈ ಕಥೆಯನ್ನು ಮೂರು ನೂರು ವರ್ಷ ಕಾಯ್ದುಕೊಂಡು ಬಂದದ್ದರ ಕಾರಣ ನೀರಿನ ಪವಾಡವೊಂದೇ ಇರಲಾರದು.

ಊರವರದೇ ಮಠ

1684ರಲ್ಲಿ ವಾಜ್ ಗೋವೆಗೆ ಮರಳಿದರು. ಅಲ್ಲಿ ಹಳೇ ಗೋವೆಯ ಗುಡ್ಡದ ಮೇಲಿನ ಪವಾಡ ಶಿಲುಬೆಯ ಚರ್ಚಿನಲ್ಲಿ ಕೆಲವು ಊರ ಪಾದ್ರಿಗಳು ಕೂಡಿ ಬಾಳುತ್ತಿದ್ದರು. ವಾಜ್ ಅವರೊಂದಿಗೆ ಸೇರಿದರು. 1685ರ ಸೆಪ್ಟೆಂಬರಿನಲ್ಲಿ ಅವರನ್ನೇ ಹಿರಿಯರನ್ನಾಗಿ ಆರಿಸಿದರು. ರೋಮಿನ ಸಂತ ಫಿಲಿಪ್ ನೇರಿ ಹಾಕಿಕೊಟ್ಟ ಒರೆಟರಿ ಪದ್ಧತಿಯಂತೆ ವಾಜ್ ಆ ಗುಂಪಿಗೆ ಕಟ್ಟಳೆ ಕೊಟ್ಟರು.

ಇದು ಸಣ್ಣ ಸಂಗತಿಯಲ್ಲ. ಯುರೋಪಿನವರು ತಮ್ಮ ಮಠಕ್ಕೆ ಸೇರಿಸಿಕೊಳ್ಳದ ಊರ ಪಾದ್ರಿಗಳು ತಮ್ಮದೇ ಮಠ ಕಟ್ಟಿಕೊಂಡರು. ಮತೆವುಸ್ ದ ಕಾಸ್ತ್ರು ಸಿಟ್ಟಿನಿಂದ ಹೋರಾಡಿ ಪಡೆಯಲು ಹೊರಟದ್ದನ್ನು ವಾಜ್ ಯಾರ ಮೇಲೂ ದೂರದೆ ಕಟ್ಟಿ ನಿಲ್ಲಿಸಿದರು. ಇಬ್ಬರ ದಾರಿ ಬೇರೆ, ಇಬ್ಬರನ್ನೂ ನೂಕಿದ ಬಾಗಿಲು ಒಂದೇ. ಮೊದಲಿನವರು ಬಾಗಿಲು ಬಡಿಯದಿದ್ದರೆ ಎರಡನೆಯವರಿಗೆ ದಾರಿ ತೆರೆಯುತ್ತಿತ್ತೇ ಎಂಬುದೂ ಯೋಚಿಸುವ ಮಾತೇ.

ಕೂಲಿಯ ವೇಷದಲ್ಲಿ ಸಿಂಹಳಕ್ಕೆ

1686. ವಿಜಾಪುರದವರು ಮರೆಯದ ವರ್ಷ. ಆ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಕೋಟೆ ಒಪ್ಪಿಸಿ ಸಿಕಂದರ್ ಆದಿಲಶಾಹ ಸೆರೆಯಾದ. ಆದಿಲಶಾಹಿ ಮುಗಿಯಿತು. ಅದೇ ವರ್ಷ ವಾಜ್ ಗೋವೆ ಬಿಟ್ಟು, ಜಾನ್ ಎಂಬ ಆಳಿನ ಜೊತೆ ದಕ್ಷಿಣದ ದಾರಿ ಹಿಡಿದರು. ಮತ್ತೆ ಅವರು ಗೋವೆ ಕಾಣಲಿಲ್ಲ.

ಸಿಂಹಳದ ಕರಾವಳಿ ಆಗ ಡಚ್ಚರ ಕೈಯಲ್ಲಿ. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಪೋರ್ಚುಗೀಸರಿಂದ ಡಚ್ಚರಿಗೆ ಹೋಗಿದ್ದವು. ಡಚ್ಚರು ಪ್ರಾಟೆಸ್ಟಂಟರು. ಕ್ಯಾಥೋಲಿಕ್ ಪಾದ್ರಿಗಳಿಗೆ ಅಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ. ಸುಮಾರು ಮೂವತ್ತು ವರ್ಷದಿಂದ ಅಲ್ಲಿನ ಕ್ಯಾಥೋಲಿಕರಿಗೆ ಪಾದ್ರಿಯೇ ಇರಲಿಲ್ಲ. ಯುರೋಪಿನ ಪಾದ್ರಿ ಬಂದರೆ ಚರ್ಮದ ಬಣ್ಣವೇ ಹಿಡಿದುಕೊಡುತ್ತಿತ್ತು. ಯಾವ ಬಣ್ಣದ ಕಾರಣಕ್ಕೆ ಗೋವೆಯ ಮಠಗಳು ಬಾಗಿಲು ಹಾಕಿದ್ದವೋ ಅದೇ ಬಣ್ಣ ಇಲ್ಲಿ ವಾಜ್ ಅವರನ್ನು ಕಾಯಿತು.

ತೂತ್ತುಕುಡಿಯಿಂದ 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಹಡಗು ಹತ್ತಿದರು. ದಾರಿಯಲ್ಲೇ ಬೇನೆ ಹಿಡಿದು ಸಾವಿನ ದವಡೆಗೆ ಹೋಗಿ ಬಂದರು. ಜಾಫ್ನಾದಲ್ಲಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆ ಭಿಕ್ಷೆ ಬೇಡಿದರು. ಭಿಕ್ಷೆ ನೆಪ. ಜಪಮಾಲೆ ನೋಡಿ ಯಾರ ಕಣ್ಣು ಅರಳುತ್ತದೆ ಎಂದು ನೋಡುವುದೇ ಕೆಲಸ. ಹೀಗೆ ಗುಟ್ಟಾಗಿ ಬಾಳುತ್ತಿದ್ದ ಭಕ್ತರನ್ನು ಒಬ್ಬೊಬ್ಬರಾಗಿ ಹುಡುಕಿದರು. ರಾತ್ರಿ ಪೂಜೆ, ಹಗಲು ಅಡಗು.

ಡಚ್ಚರ ಕಾಟ ಹೆಚ್ಚಿದಾಗ ಪುತ್ತಳಂ ಕಡೆಗೆ ಸರಿದರು. ಅಲ್ಲಿಂದ 1692ರಲ್ಲಿ ಒಳನಾಡಿನ ಕ್ಯಾಂಡಿಗೆ. ಕ್ಯಾಂಡಿ ಬೌದ್ಧ ಅರಸರ ಸ್ವತಂತ್ರ ರಾಜ್ಯ. ಅಲ್ಲಿ ಇವರು ಪೋರ್ಚುಗೀಸರ ಬೇಹುಗಾರ ಎಂದು ಚಾಡಿ ಹೇಳಿದವರಿದ್ದರು. ಅರಸ ಎರಡನೇ ವಿಮಲಧರ್ಮಸೂರ್ಯ ಸೆರೆಗೆ ಹಾಕಿಸಿದ. ಸೆರೆಯಲ್ಲಿ ಕೂತು ವಾಜ್ ಸಿಂಹಳ ಭಾಷೆ ಕಲಿತರು. ಗುಡಿಸಲೊಂದನ್ನು ಪ್ರಾರ್ಥನೆಯ ಮನೆ ಮಾಡಿಕೊಂಡರು.

ಆ ಕಾಲಕ್ಕೆ ಕ್ಯಾಂಡಿಯಲ್ಲಿ ಮಳೆ ಹೋಗಿ ಬರ ಬಿತ್ತು. ಅರಸನ ಮಾತಿನಂತೆ ವಾಜ್ ಬಯಲಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದರು, ಮಳೆ ಸುರಿಯಿತು, ಆದರೆ ಅವರು ಕೂತ ಜಾಗ ಮಾತ್ರ ಒಣಗೇ ಇತ್ತು ಎಂದು ಭಕ್ತರು ಹೇಳುತ್ತಾರೆ. ಮಳೆಗಾಗಿ ಕಾಯುವ ಸಂಕಟ ಬಲ್ಲ ನಮ್ಮ ಜಿಲ್ಲೆಯವರಿಗೆ ಈ ಕಥೆ ಬೇಗ ಹಿಡಿಸೀತು. ಏನೇ ಇರಲಿ, ಬೌದ್ಧ ಅರಸನೊಬ್ಬ ಕ್ರೈಸ್ತ ಪಾದ್ರಿಗೆ ತನ್ನ ರಾಜ್ಯದಲ್ಲಿ ತಿರುಗಾಡಲು ಅಪ್ಪಣೆ ಕೊಟ್ಟನೆಂಬುದು ಇತಿಹಾಸ.

ಸಿಡುಬು ಬಂದಾಗ

ವಾಜ್ ಅವರ ನಿಜವಾದ ಹಿರಿಮೆ ಕಂಡದ್ದು 1697ರಲ್ಲಿ. ಕ್ಯಾಂಡಿಗೆ ಸಿಡುಬು ಹೊಕ್ಕಿತು. ಅರಸ ಊರು ಬಿಟ್ಟ. ಉಳ್ಳವರು ಊರು ಬಿಟ್ಟರು. ಬೇನೆ ಬಿದ್ದವರನ್ನು ಮನೆಯವರೇ ಅಡವಿಗೆ ಒಯ್ದು ಹಾಕಿದರು. ವಾಜ್ ಮತ್ತು ಗೋವೆಯಿಂದ ಹೊಸದಾಗಿ ಬಂದಿದ್ದ ಪಾದ್ರಿ ಜೋಸೆಫ್ ಕಾರ್ವಾಲ್ಯೊ ಊರು ಬಿಡಲಿಲ್ಲ. ಗುಡಿಸಲು ಹಾಕಿ ಬೇನೆಯವರನ್ನು ಹೊತ್ತು ತಂದು ಮಲಗಿಸಿದರು. ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂತರು. ಬೌದ್ಧರು ಯಾರು, ಕ್ರೈಸ್ತರು ಯಾರು ಎಂದು ಕೇಳುವ ಹೊತ್ತು ಅದಲ್ಲ, ಅವರು ಕೇಳಲೂ ಇಲ್ಲ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆಯನ್ನು ನಮ್ಮ ಹಿರಿಯರೂ ಹೇಳುತ್ತಿದ್ದರು. ಮೊನ್ನೆ ಮೊನ್ನೆ 2020ರ ಕೊರೊನಾ ಕಂಡವರಿಗೆ, ಬೇನೆಯವನ ಹಾಸಿಗೆಯ ಹತ್ತಿರ ಹೋಗುವುದೆಂದರೇನು ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ.

ಮುಂದೆ ಗೋವೆಯ ಒರೆಟರಿಯಿಂದ ಇನ್ನಷ್ಟು ಪಾದ್ರಿಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳು ಎರಡರಲ್ಲೂ ಪುಸ್ತಕ ಬರೆದು ಹೆಸರಾದರು. ವಾಜ್ ಅವರನ್ನು ಬಿಷಪ್ಪರನ್ನಾಗಿ ಮಾಡುವ ಮಾತು ಬಂತು. ಒಲ್ಲೆ ಎಂದರು. ಗಾದಿಗಾಗಿ ಗುದ್ದಾಡಿದವರನ್ನು ಮಂಗಳೂರಿನಲ್ಲಿ ಕಣ್ಣಾರೆ ಕಂಡು ಬಂದ ಮನುಷ್ಯ!

1711ರ ಜನವರಿಯಲ್ಲಿ ಕ್ಯಾಂಡಿಯಲ್ಲೇ ದೇಹ ಬಿಟ್ಟರು. ಅರವತ್ತು ತುಂಬಲು ಇನ್ನೂ ಕೆಲವು ತಿಂಗಳಿತ್ತು. ಅಲ್ಲಿನ ಚರ್ಚಿನಲ್ಲೇ ಹೂತರು. ಮುಂದೆ ಆ ಚರ್ಚೂ ಉಳಿಯಲಿಲ್ಲ, ಸಮಾಧಿ ಎಲ್ಲಿದೆ ಎಂಬುದು ಇವತ್ತಿಗೂ ಪತ್ತೆಯಾಗಿಲ್ಲ.

ರೋಮಿನ ಕಡತ, ಮಂದಿಯ ಮನಸ್ಸು

ಕ್ಯಾಥೋಲಿಕ್ ಧರ್ಮದಲ್ಲಿ ಸಂತನಾಗುವುದು ಸುಲಭದ ಕೆಲಸವಲ್ಲ. ಬಾಳಿನ ತನಿಖೆ, ಸಾಕ್ಷಿ, ಪವಾಡದ ಪರೀಕ್ಷೆ ಎಲ್ಲ ಆಗಬೇಕು. ಮೊದಲು ಧನ್ಯ, ಆಮೇಲೆ ಸಂತ. ರೋಮ್ ಒಪ್ಪುವ ತನಕ ಸತ್ತವರ ಹೆಸರಿನಲ್ಲಿ ಬಹಿರಂಗ ಪೂಜೆ ನಡೆಸಬಾರದು, ಚರ್ಚಿಗೆ ಅವರ ಹೆಸರಿಡಬಾರದು ಎಂದು 17ನೇ ಶತಮಾನದಿಂದಲೇ ಕಟ್ಟಳೆಯಿದೆ.

ವಾಜ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅವರ ಕಡತ ಸುರುವಾಯಿತು. ಸುರುವಾದದ್ದು ನನೆಗುದಿಗೆ ಬಿತ್ತು. ರಾಜ್ಯಗಳು ಬಂದವು, ಹೋದವು. ಕೆಳದಿ ಹೋಯಿತು, ಡಚ್ಚರು ಹೋದರು, ಕ್ಯಾಂಡಿಯ ಅರಸರು ಹೋದರು. 1961ರಲ್ಲಿ ಗೋವೆಯಿಂದ ಪೋರ್ಚುಗೀಸರೂ ಹೋದರು. ಕಡೆಗೆ 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊಗೆ ಬಂದು ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್, ಅದೇ ಕೊಲ��ಬೊದ ಗಾಲ್ ಫೇಸ್ ಮೈದಾನದಲ್ಲಿ, ಇನ್ನೊಂದು ಪವಾಡಕ್ಕೆ ಕಾಯದೆ, ಸಂತರೆಂದು ಸಾರಿದರು. ಶ್ರೀಲಂಕೆಗೆ ಅವರು ಮೊದಲ ಸಂತ. ತೀರಿಕೊಂಡು ಆಗಲೇ 304 ವರ್ಷ.

ಈ 304 ವರ್ಷ ಮಂದಿ ಸುಮ್ಮನಿದ್ದರೇ? ಸಾಂಕವಾಳದಲ್ಲಿ, ಕುಂದಾಪುರದಲ್ಲಿ, ಮುಡಿಪುವಿನಲ್ಲಿ ಮನೆಮನೆಯಲ್ಲಿ ಅವರ ಹೆಸರು ಉಳಿದಿತ್ತು. ರೋಮಿನ ಮುದ್ರೆ ಬೀಳುವ ಮೊದಲೇ ಮಂದಿಯ ಮನಸ್ಸಿನಲ್ಲಿ ಮುದ್ರೆ ಬಿದ್ದಿತ್ತು. ಅಪ್ಪಣೆ ಬಂದ ಮೇಲೆ ಹೆಸರಿನ ಹಲಗೆ ಏರಿತು, ಅಷ್ಟೇ.

ಚರ್ಚೊಂದು ತನ್ನ ಪಾಲಕ ಸಂತನನ್ನು ಗೌರವಿಸುವುದೆಂದರೆ ವರ್ಷಕ್ಕೊಮ್ಮೆ ದೀಪ ಹಚ್ಚಿ ಮೆರವಣಿಗೆ ಮಾಡುವುದಷ್ಟೇ ಅಲ್ಲ. ಎಂಥವರನ್ನು ಪಾಲಕರೆಂದು ಆರಿಸಿಕೊಂಡೆವು ಎಂಬುದರಲ್ಲಿ ಆ ಊರಿನ ಗುಣವೂ ಗೊತ್ತಾಗುತ್ತದೆ. ಮುಡಿಪುವಿನ ಮಂದಿ ಆರಿಸಿಕೊಂಡದ್ದು ಕೋಟೆ ಕಟ್ಟಿದವರನ್ನಲ್ಲ, ಗಾದಿ ಗೆದ್ದವರನ್ನಲ್ಲ. ಕಾಯಿಲೆಯವನಿದ್ದಾನೆ ಎಂದರೆ ನಡುರಾತ್ರಿ ಎದ್ದು ಬರುತ್ತಿದ್ದ ಒಬ್ಬ ಬರಿಗಾಲ ಪಾದ್ರಿಯನ್ನು. ಅಧಿಕಾರ ಯಾರದೆಂಬ ವ್ಯಾಜ್ಯ ಚರ್ಚಿನಲ್ಲೂ ಇದೆ, ಮಠದಲ್ಲೂ ಇದೆ, ದರ್ಗಾದಲ್ಲೂ ಇದೆ, ಪಂಚಾಯ್ತಿಯಲ್ಲಂತೂ ಕೇಳುವುದೇ ಬೇಡ. ವ್ಯಾಜ್ಯ ಕೋರ್ಟಿನಲ್ಲಿ ನಡೆಯಲಿ, ಮಂದಿಯ ಕೆಲಸ ನಿಲ್ಲದಿರಲಿ ಎಂದು ದುಡಿದವರು ಕಡಿಮೆ. ಅದಕ್ಕೇ ಅಂಥವರ ಹೆಸರಿನಲ್ಲಿ ಹಬ್ಬ ನಡೆಯುತ್ತದೆ. ವಿಜಾಪುರದ ಬಿಷಪ್ಪರ ಕೈಯಿಂದ ದೀಕ್ಷೆ ಪಡೆದ ಈ ಹಿರಿಯರನ್ನು ವಿಜಯಪುರವೂ ಜನವರಿ 16ರಂದು ಒಮ್ಮೆ ನೆನೆದರೆ ತಪ್ಪೇನಿಲ್ಲ.